ಹುಳಕ್ಕೆ ಮದ್ದು ಹೊಡೆದು ಹಕ್ಕಿ ಹುಡುಕಿದ್ದು

ಕತಾರಿಗೆ ಗಾರ್ಡನ್ ಕೆಲಸಕ್ಕೆ ಹೊರಟವರು ಈಗಲೂ ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ. ರೂಮಿನಲ್ಲಿ ಎಸಿ ಉಂಟಾ, ಊಟ ಯಾರದ್ದು. ಆ ಮರಳಿನಲ್ಲಿ ಹೂವಿನ ಗಿಡ ಹೇಗೆ ಬದುಕುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುವ ಚಾಳಿ ನನಗೆ ಮೊದಲಿನಿಂದಲೂ ಉಂಟು. ನಾನು ಸದಾಶಿವ ಶೆಟ್ಟಿ, ಕಿನ್ನಿಗೋಳಿ ಕಡೆಯವನು. ಊರಿನಲ್ಲಿ ನರ್ಸರಿ ಇಟ್ಟು ಕೈ ಸುಟ್ಟುಕೊಂಡು 2002ರಲ್ಲಿ ದೋಹಾಕ್ಕೆ ಹೋದೆ. ಅಲ್ಲಿ ಒಂದು ಲ್ಯಾಂಡ್‌ಸ್ಕೇಪಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿ ಹತ್ತು ವರ್ಷ ದುಡಿದು ವಾಪಸು ಬಂದೆ. ಸೂಪರ್‌ವೈಸರ್ ಎಂದರೆ ಕೈ ಕೆಸರಾಗದ ಕೆಲಸ ಎಂದುಕೊಂಡು ಹೋಗಿದ್ದೆ. ಹೋದ ವಾರವೇ ಒಡೆದ ಪೈಪು ಹಿಡಿದು ಕುತ್ತಿಗೆಯವರೆಗೆ ಒದ್ದೆಯಾದೆ.

ಮೊದಲು ಅಲ್ಲಿಯ ಕಾಲದ ಲೆಕ್ಕ ತಿಳಿಯಿರಿ. ಚೈತ್ರ, ಶ್ರಾವಣ ಎಲ್ಲ ಊರಿನಲ್ಲೇ ಬಿಟ್ಟು ಹೋಗಬೇಕು. ಅಲ್ಲಿರುವುದು ಹೂವಿನ ಕಾಲ ಮತ್ತು ನೀರಿನ ಕಾಲ, ಎರಡೇ. ನವೆಂಬರಿನಿಂದ ಏಪ್ರಿಲ್ ತನಕ ಏನು ನೆಟ್ಟರೂ ಅರಳುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್ ತನಕ ನೀವು ಮಾಲಿಯಲ್ಲ, ಆಸ್ಪತ್ರೆಯ ವಾರ್ಡ್‌ಬಾಯ್. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ರೋಗಿಗಳು ಉಸಿರಾಡುತ್ತಿದ್ದಾರಾ ಎಂದು ನೋಡಿಕೊಂಡು ಬರುವುದು.

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೊದಲ ವರ್ಷ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಸ್ವಲ್ಪ ತಂಪು ಗಾಳಿ ಬೀಸಿತು. ಸೆಕೆ ಮುಗಿಯಿತು ಎಂದು ನಾನೇ ತೀರ್ಮಾನ ಮಾಡಿ, ನರ್ಸರಿಯಲ್ಲಿದ್ದ ಪೆಟೂನಿಯಾ ಸಸಿಗಳನ್ನೆಲ್ಲ ಒಂದು ಆಫೀಸಿನ ಎದುರು ಸಾಲಾಗಿ ನೆಡಿಸಿದೆ. ಮೂರನೇ ದಿನ ಮಧ್ಯಾಹ್ನಕ್ಕೆ ಎಲ್ಲ ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ನಮ್ಮ ಮೇಲಿನವರು ಇಂಜಿನಿಯರ್ ಹಾನಿ ಎಂಬ ಈಜಿಪ್ಟಿನವರು. ಬಂದು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. "ಶೆಟ್ಟಿ, ಇದು ಪೆಟೂನಿಯಾ ಅಲ್ಲ, ಮುಲೂಖಿಯಾ," ಎಂದರು. ಮುಲೂಖಿಯಾ ಎಂದರೆ ಅವರ ಊರಿನ ಸೊಪ್ಪಿನ ಸಾರು. ಅದಾಗಿ ಎರಡು ವರ್ಷ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಮುಲೂಖಿಯಾ ಶೆಟ್ಟಿ ಎಂದೇ ಕರೆಯುತ್ತಿದ್ದರು.

ಹಾನಿ ಕೆಟ್ಟವರಲ್ಲ. ಅವರ ತೊಂದರೆ ಒಂದೇ, ಯಾವುದನ್ನಾದರೂ ಕಾಗದದಲ್ಲಿ ಬರೆದರೆ ಮಾತ್ರ ಅದು ನಡೆದಿದೆ ಎಂದು ನಂಬುತ್ತಿದ್ದರು. ದೊಡ್ಡವರು ಯಾರಾದರೂ ಬರುವ ದಿನ ಧೂಳು ಬಿದ್ದ ಎಲೆಗಳನ್ನು ನಾವು ಸ್ಪಂಜಿನಿಂದ ಒಂದೊಂದಾಗಿ ಒರೆಸಬೇಕು, ಒರೆಸಿದ್ದಕ್ಕೆ ಸಹಿ ಹಾಕಬೇಕು. ನಾನು ಹೋದ ಹೊಸದರಲ್ಲಿ ಹೋಸ್ ಪೈಪಿನಲ್ಲಿ ನೀರು, ಮೂಗಿಗೆ ಟವೆಲು ಕಟ್ಟಿಕೊಂಡು ಮದ್ದು. ಮೂರು ನಾಲ್ಕು ವರ್ಷದಲ್ಲಿ ಡ್ರಿಪ್ ಬಂತು, ಟೈಮರ್ ಬಂತು, ಮಾಸ್ಕ್ ಬಂತು, ಪ್ರತಿ ವಿಲ್ಲಾಕ್ಕೆ ಒಂದೊಂದು ಸ್ಪ್ರೇ ರಿಜಿಸ್ಟರ್ ಬಂತು. ತಾರೀಕು, ಯಾವ ಗಿಡ, ಯಾವ ಮದ್ದು, ಕೊನೆಗೆ ಮದ್ದು ಹೊಡೆದವನ ಸಹಿ. ಹೊಡೆಯಲು ಹೇಳಿದವನ ಸಹಿಗೆ ಅದರಲ್ಲಿ ಕಾಲಂ ಇರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮದ್ದು ಹೊಡೆಯುವವನು ಬಸಪ್ಪ, ಬಾಗಲಕೋಟೆ ಕಡೆಯವನು. ಅವನು ಮದ್ದು ಎನ್ನುತ್ತಿರಲಿಲ್ಲ, ಎಣ್ಣೆ ಎನ್ನುತ್ತಿದ್ದ. "ಸರ, ಇವತ್ತ ಎಣ್ಣಿ ಹೊಡೀಬೇಕೇನ್ರಿ?" ಎಂದರೆ ಮೊದಮೊದಲು ನನಗೆ ಗಾಬರಿ. ಹೆಚ್ಚು ಮಾತಿಲ್ಲದ ಮನುಷ್ಯ. ಕೆಲಸದ ನಡುವೆ ಬೇರೆಯವರು ಬೀಡಿ ಸೇದಲು ಹೋದರೆ ಇವನು ಯಾವುದಾದರೂ ಎಲೆ ಮಗುಚಿ ಅದರ ಅಡಿಯಲ್ಲಿ ಏನಿದೆ ಎಂದು ನೋಡುತ್ತಾ ಕೂರುವವನು. ಮಗಳು ಊರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಅವಳದ್ದು ಮುಗಿಯುವ ತನಕ ಇಲ್ಲಿ ಇರಬೇಕು, ಆಮೇಲೆ ಒಂದು ದಿನವೂ ಇರುವುದಿಲ್ಲ ಎಂದು ಪ್ರತಿ ಶುಕ್ರವಾರ ಹೇಳುತ್ತಿದ್ದ.

2006ರ ಚಳಿಗಾಲಕ್ಕೆ ಮೊದಲು ನಮಗೆ ಒಂದು ದೊಡ್ಡ ವಿಲ್ಲಾದ ತೋಟ ಸಿಕ್ಕಿತು. ಗೋಡೆಯ ಉದ್ದಕ್ಕೂ ಕಣಗಿಲೆಯ ಬೇಲಿ, ನಡುವೆ ಹುಲ್ಲು, ಜಗಲಿಯ ಎದುರು ಮಲ್ಲಿಗೆ. ನಾನು ಆ ಮಲ್ಲಿಗೆಯನ್ನು ಮೂಸಿ ನೋಡುತ್ತಿದ್ದಾಗ ಹಿಂದಿನಿಂದ ಯಾರೋ ನಕ್ಕರು. ಗಾಲಿಕುರ್ಚಿಯಲ್ಲಿ ಕೂತ ಮುದುಕಿ, ಮನೆಯ ಯಜಮಾನನ ತಾಯಿ. ಕೆಲಸದವರೆಲ್ಲ ಅವರನ್ನು ಮಾಮಾ ಕಬೀರ್ ಎನ್ನುತ್ತಿದ್ದರು, ದೊಡ್ಡಮ್ಮ ಎಂದ ಹಾಗೆ. ಸೊಂಟದ ಮೂಳೆ ಮುರಿದು ಒಂದು ವರ್ಷವಾಗಿತ್ತು. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಮಧ್ಯಾಹ್ನದ ನಮಾಜು ಮುಗಿಸಿ ಜಗಲಿಗೆ ಬಂದರೆ ಸೂರ್ಯ ಮುಳುಗಿ ಮಗ್ರಿಬಿನ ಬಾಂಗ್ ಕೇಳುವ ತನಕ ಅಲ್ಲೇ. ಮನೆಯೊಳಗೆ ಜನ ಬೇಕಾದಷ್ಟು, ಎಲ್ಲರ ಕೈಯಲ್ಲೂ ಫೋನು. ಅವರಿಗೆ ನೋಡಲು ಇದ್ದದ್ದು ತೋಟ ಒಂದೇ.

ಎರಡನೇ ವಾರವೇ ಅವರು ನನಗೆ ಒಂದು ಕೆಲಸ ಹಚ್ಚಿದರು. ಗೋಡೆಯ ತನಕ ಅವರಿಗೆ ಹೋಗಲಾಗುವುದಿಲ್ಲ, ಕಣ್ಣೂ ಅಷ್ಟು ದೂರ ಎಟಕುವುದಿಲ್ಲ. ಆದ್ದರಿಂದ ನಾನು ಬಂದ ದಿನ ಯಾವ ಹೂವಿಗೆ ಯಾರು ಬಂದಿದ್ದಾರೆ, ಚಿಟ್ಟೆಯೋ ದುಂಬಿಯೋ, ಎಂದು ನೋಡಿ ಬಂದು ಹೇಳಬೇಕು. ಹೇಳಿದರೆ ಸಾಲದು, ಬರೆದೂ ಇಡಬೇಕು, ಮುಂದಿನ ತಿಂಗಳು ಕೇಳಿದಾಗ ತಪ್ಪಬಾರದು. ನನ್ನ ಕೈಯಲ್ಲಿದ್ದ ಪುಸ್ತಕ ಸ್ಪ್ರೇ ರಿಜಿಸ್ಟರ್ ಒಂದೇ. ಅದನ್ನು ತಿರುಗಿಸಿ ಹಿಂದಿನ ಪುಟದಿಂದ ಕನ್ನಡದಲ್ಲಿ ಬರೆಯಲು ಶುರು ಮಾಡಿದೆ. ಮುಂದಿನಿಂದ ಮದ್ದು, ಹಿಂದಿನಿಂದ ಚಿಟ್ಟೆ.

ನನಗೆ ಚಿಟ್ಟೆಗಳ ಹೆಸರು ಗೊತ್ತಿರಲಿಲ್ಲ. "ಹಳದಿ ಕಪ್ಪು ಚುಕ್ಕಿಯದ್ದು, ಲಿಂಬೆ ಗಿಡದ ಹತ್ತಿರ, ಮೂರು," ಎಂದು ಬರೆಯುತ್ತಿದ್ದೆ. ಡಿಸೆಂಬರಿನಲ್ಲಿ ಉತ್ತರದ ಗಾಳಿ ಬೀಸಿದರೆ ಒಂದೂ ಇಲ್ಲ, ಬಿಸಿಲು ಏರಿದ ಮೇಲೆ ಹುಲ್ಲಿನ ಮೇಲೆ ಉಗುರಿನಷ್ಟು ದೊಡ್ಡ ನೀಲಿಯದ್ದು ನಾಲ್ಕೈದು. ಜನವರಿಯ ಪುಟಗಳಲ್ಲಿ "ಯಾರೂ ಇಲ್ಲ" ಎಂಬುದೇ ಹೆಚ್ಚು. ಮಾರ್ಚಿನ ಒಂದು ಬೆಳಗ್ಗೆ ಮಾತ್ರ ನಾನು ಗೇಟಿನಲ್ಲೇ ನಿಂತುಬಿಟ್ಟೆ. ಬಿಳಿ ಆಲಿಸಮ್ ಹೂವಿನ ಪಾತಿ ತುಂಬಾ ಕಿತ್ತಳೆ ಬಣ್ಣದ ಚಿಟ್ಟೆಗಳು, ಎಣಿಸಲು ಹೋದರೆ ತಲೆ ತಿರುಗುವಷ್ಟು. ರೆಕ್ಕೆಯ ಅಂಚು ಹರಿದು ಸುಸ್ತಾಗಿದ್ದವು, ಎಲ್ಲಿಂದಲೋ ಬಹಳ ದೂರ ಹಾರಿ ಬಂದ ಲಕ್ಷಣ. ಹುಡುಗರೆಲ್ಲ ಕೆಲಸ ನಿಲ್ಲಿಸಿ ನೋಡಿದರು, ನಾನೂ ಬೈಯಲಿಲ್ಲ.

ಮಾಮಾ ಕಬೀರಿಗೆ ಹೋಗಿ ಹೇಳಿದೆ. ಎಲ್ಲಿಂದ ಬಂದವು, ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. "ಗೊತ್ತಿಲ್ಲ ಮಾಮಾ. ವೀಸಾ ಮಾಫಿ, ಎಕ್ಸಿಟ್ ಪರ್ಮಿಟ್ ಮಾಫಿ. ಬರ್ತಾವೆ, ಹೋಗ್ತಾವೆ," ಎಂದು ನನ್ನ ಮುರುಕು ಅರಬಿಯಲ್ಲಿ ಹೇಳಿದೆ. ಮಾಫಿ ಎಂದರೆ ಅಲ್ಲಿ ಇಲ್ಲ ಎಂದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ದಿನದಲ್ಲಿ ಅಷ್ಟೂ ಚಿಟ್ಟೆ ಹೊರಟುಹೋದವು.

ಅವರ ಪ್ರೀತಿಯದ್ದು ಮಾತ್ರ ಚಿಟ್ಟೆಯಲ್ಲ. ಅದು ಬಂದದ್ದು ನಾವು ಆ ತೋಟ ಹಿಡಿದ ವರ್ಷದ ಅಕ್ಟೋಬರಿನಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ. ಮಲ್ಲಿಗೆಯ ಎದುರು ಗಾಳಿಯಲ್ಲಿ ನಿಂತು, ಕೂರದೆ, ಉದ್ದ ನಾಲಗೆ ಚಾಚಿ ಹೂವಿನೊಳಗಿಂದ ಏನೋ ಹೀರಿ, ಸರ್ರನೆ ಪಕ್ಕದ ಹೂವಿಗೆ. ರೆಕ್ಕೆ ಕಾಣುವುದೇ ಇಲ್ಲ, ಬರೀ ಗುಂಯ್ ಸದ್ದು. "ಶೂಫ್, ಆಸ್ಫೂರ್," ಎಂದರು ಮಾಮಾ ಕಬೀರ್. ನೋಡು, ಹಕ್ಕಿ. ನನಗೂ ಹಾಗೇ ಕಂಡಿತು. ನಮ್ಮ ಮನೆಯಂಗಳದ ದಾಸವಾಳಕ್ಕೆ ಬರುವ ಸೂರಕ್ಕಿಯ ದಾಯಾದಿ ಇರಬೇಕು ಎಂದುಕೊಂಡೆ. ಅದು ಅವರ ಕುರ್ಚಿಯಿಂದ ಎರಡು ಮೊಳ ದೂರಕ್ಕೆ ಬರುತ್ತಿದ್ದುದರಿಂದ ಅವರ ಕಣ್ಣಿಗೂ ಕಾಣುತ್ತಿತ್ತು. ಚಳಿಯಲ್ಲಿ ಮಾಯವಾಗಿ, ಏಪ್ರಿಲಿನಲ್ಲಿ ಪೆಟೂನಿಯಾದ ಕೊನೆಯ ಹೂವುಗಳಿಗೆ ಮತ್ತೆ ಬಂತು. ಬಂದ ದಿನ ಅವರು ನನಗೆ ಖರ್ಜೂರ ಕೊಟ್ಟರು.

ಇಂಜಿನಿಯರ್ ಹಾನಿಗೆ ಈ ಸುದ್ದಿ ಹೇಳಿದ್ದು ನನ್ನದೇ ತಪ್ಪು. ಅವರು ಒಂದು ಸಂಜೆ ಬಂದು ನೋಡಿ, ಟಿವಿಯಲ್ಲಿ ಕಂಡದ್ದನ್ನು ನೆನಪಿಸಿಕೊಂಡು, "ಹಮ್ಮಿಂಗ್‌ಬರ್ಡ್," ಎಂದು ತೀರ್ಪು ಕೊಟ್ಟರು. ತಿಂಗಳ ರಿಪೋರ್ಟಿನಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದರು. ಕಂಪನಿಯ ಶ್ರಮದಿಂದ ಹಮ್ಮಿಂಗ್‌ಬರ್ಡ್ ಬಂದಿದೆ ಎಂದು ಮನೆಯ ಯಜಮಾನನಿಗೂ ಒಂದು ಕಾಗದ ಹೋಯಿತು. ಆ ಹಕ್ಕಿ ಅಮೆರಿಕದ ಕಡೆ ಬಿಟ್ಟು ಬೇರೆಲ್ಲೂ ಇಲ್ಲ ಎಂದು ನನಗೆ ತಿಳಿದದ್ದು ಬಹಳ ಆಮೇಲೆ. ಆಗ ಕಾಗದದಲ್ಲಿ ಇದ್ದ ಮೇಲೆ ಇದ್ದ ಹಾಗೆ.

ಮೇ ತಿಂಗಳಿನಲ್ಲಿ ಯಜಮಾನ ಫೋನ್ ಮಾಡಿದ. ಕಣಗಿಲೆಯ ಬೇಲಿಯಲ್ಲಿ ಬೆರಳು ಗಾತ್ರದ ಹಸಿರು ಹುಳ, ಮಕ್ಕಳು ನೋಡಿ ಕಿರುಚುತ್ತಿದ್ದಾರೆ, ಎಲೆಯೆಲ್ಲ ಖಾಲಿ ಆಗುತ್ತಿದೆ, ಒಂದೂ ಉಳಿಯಬಾರದು. ಬಸಪ್ಪನನ್ನು ಕರೆದುಕೊಂಡು ಹೋದೆ. ಹುಳ ಜೋರಾಗಿಯೇ ಇತ್ತು. ಮುಟ್ಟಿದರೆ ತಲೆ ಒಳಗೆ ಎಳೆದುಕೊಂಡು, ಕುತ್ತಿಗೆಯ ಹತ್ತಿರದ ಎರಡು ನೀಲಿ ಕಣ್ಣುಗಳನ್ನು ಅರಳಿಸಿ ಹೆದರಿಸುತ್ತಿತ್ತು. ಅದು ನಿಜವಾದ ಕಣ್ಣಲ್ಲ, ಬರೀ ಬಣ್ಣ. ಆದರೂ ನಾನು ಒಂದು ಹೆಜ್ಜೆ ಹಿಂದೆ ಬಂದದ್ದು ಹೌದು.

ಬಸಪ್ಪ ಪಂಪು ಕೆಳಗಿಟ್ಟ. "ಸರ, ಇದನ್ನ ಹೊಡೀಬ್ಯಾಡ್ರಿ."

"ಯಾಕೆ?"

"ಮುದುಕಿ ನೋಡತಾರಲ್ರೀ, ಆ ಹಕ್ಕಿ. ಅದು ಹಕ್ಕಿ ಅಲ್ರೀ, ಪತಂಗ. ಈ ಹುಳಾನ ಅದು ಆಗತೈತ್ರಿ. ನಾ ಕ್ಯಾಂಪಿನ್ಯಾಗ ಉಪ್ಪಿನಕಾಯಿ ಬಾಟ್ಲ್ಯಾಗ ಒಂದು ಇಟ್ಟ ನೋಡೇನ್ರಿ. ದಿನಾ ನಾಕ ಹನಿ ನೀರ ಚಿಮುಕಿಸಿದ್ನ್ರಿ, ಹದಿನೈದ ದಿನದಾಗ ರೆಕ್ಕಿ ಹಚ್ಚಿಕೊಂಡು ಹೊರಗ ಬಂತು."

ನಾನು ನಕ್ಕೆ. ನಕ್ಕದ್ದು ಇವತ್ತಿಗೂ ನೆನಪುಂಟು. "ಎಂತ ಬಸಪ್ಪ, ಮಂಡೆ ಸಮ ಉಂಟಾ? ಇಂಜಿನಿಯರು ಹಮ್ಮಿಂಗ್‌ಬರ್ಡ್ ಅಂತ ಬರೆದಾಗಿದೆ. ಇಷ್ಟು ದೊಡ್ಡ ಹುಳ ಹಕ್ಕಿ ಆಗುವುದಾದರೆ ನಾಳೆ ಹಲ್ಲಿ ಹೋಗಿ ಒಂಟೆ ಆಗ್ತದೆ. ಹೊಡಿ ನೀನು, ಯಲ್ಲಾ, ಬೇಗ."

ಅವನು ಪಂಪು ಬೆನ್ನಿಗೆ ಹಾಕಿಕೊಂಡ. ಮಾಸ್ಕ್ ಏರಿಸಿ ಹೊಡೆದ, ರಿಜಿಸ್ಟರಿನಲ್ಲಿ ಸಹಿ ಹಾಕಿದ. ಆ ಬೇಸಿಗೆ ಪೂರ್ತಿ ಪ್ರತಿ ಗುರುವಾರ ಕಣಗಿಲೆಗೆ ಮದ್ದು ಬಿತ್ತು. ಬೇಲಿ ಹಸಿರಾಗಿ ಮಿಂಚಿತು. ಯಜಮಾನ ನನ್ನ ಬೆನ್ನು ತಟ್ಟಿದ.

ಅಕ್ಟೋಬರ್ ಬಂತು, ಹಕ್ಕಿ ಬರಲಿಲ್ಲ. ಮಾಮಾ ಕಬೀರ್ ದಿನವೂ ಮಲ್ಲಿಗೆಯ ಎದುರು ಕುರ್ಚಿ ಹಾಕಿಸಿಕೊಂಡು ಕಾದರು. "ವೇನ್ ಆಸ್ಫೂರ್, ಯಾ ಶೆಟ್ಟಿ?" ಹಕ್ಕಿ ಎಲ್ಲಿ ಎಂದು ಅವರು ಕೇಳಿದರೆ ನಾನು ಬುಕ್ರಾ, ಅಂದರೆ ನಾಳೆ, ಎನ್ನುವುದು. ಸಕ್ಕರೆ ನೀರಿನ ಬಟ್ಟಲು ಇಟ್ಟು ನೋಡಿದೆ, ಇರುವೆಗಳ ಜಾತ್ರೆಯಾಯಿತು. ಕೆಂಪು ಹೂವಿನ ಗಿಡ ತಂದಿಟ್ಟೆ, ಅದೂ ಬಾಡಿತು. ಈದ್ ಹಬ್ಬದ ಸಂಜೆ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಕ್ಕಿ ತೋರಿಸುತ್ತೇನೆ ಎಂದಿದ್ದರಂತೆ. ಕತ್ತಲಾಗುವ ತನಕ ಕೂತರು, ಏನೂ ಬರಲಿಲ್ಲ, ಮಕ್ಕಳು ಬೇಸತ್ತು ಒಳಗೆ ಹೋದರು. ಅದಾದ ಮೇಲೆ ಅವರು ಜಗಲಿಗೆ ಬರುವುದನ್ನೇ ಬಿಟ್ಟರು. ಊಟ ಕೂಡ ಕಡಿಮೆಯಾಯಿತು ಎಂದು ಅಡುಗೆಯವಳು ಹೇಳಿದಳು.

ಈದ್ ರಜೆ ಮುಗಿದ ಮರುದಿನ ಯಜಮಾನ ಹಾನಿಗೆ ಫೋನ್ ಮಾಡಿದ. ನಿಮ್ಮ ಮದ್ದಿನವನು ಹಕ್ಕಿಗೆ ವಿಷ ಹಾಕಿ ಕೊಂದಿದ್ದಾನೆ, ಅಂಥವನು ನಿಮ್ಮಲ್ಲಿ ಇರುವುದಾದರೆ ನಮಗೆ ನೀವು ಬೇಡ. ಹಾನಿ ರಿಜಿಸ್ಟರ್ ತರಿಸಿ ಕೊನೆಯ ಕಾಲಂ ನೋಡಿದರು. ಇಪ್ಪತ್ತೊಂದು ಕಡೆ ಬಸಪ್ಪನ ಸಹಿ. "ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿ," ಎಂದರು. ಇಪ್ಪತ್ತನೇ ದಿನಕ್ಕೆ ಟಿಕೆಟ್ ಎಂದಾಯಿತು. ನಾನು ಅವರ ಮೇಜಿನ ಎದುರೇ ನಿಂತಿದ್ದೆ. ಹೊಡೆಯಲು ಹೇಳಿದ್ದು ನಾನು, ಅವನು ಬೇಡ ಎಂದಿದ್ದ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು "ಯೆಸ್ ಸರ್".

ಆ ಸಂಜೆ ಅಲ್ ಮನ್ಸೂರಾದ ನಮ್ಮ ರೂಮಿನಲ್ಲಿ ರಿಜಿಸ್ಟರ್ ಬಿಚ್ಚಿ ಕೂತೆ. ಮುಂದಿನ ಪುಟ ನೋಡಿದೆ, ಹಿಂದಿನ ಪುಟ ನೋಡಿದೆ. ಕಣಗಿಲೆಗೆ ಮದ್ದು ಶುರುವಾದ ವಾರದಿಂದ ಹಿಂದಿನ ಪುಟದಲ್ಲಿ ಹಕ್ಕಿಯ ಹೆಸರೇ ಇಲ್ಲ. ಎರಡನ್ನೂ ಬರೆದವನು ನಾನೇ, ಒಂದೇ ಪೆನ್ನಿನಲ್ಲಿ. ಒಂದು ಸಲವೂ ಪುಸ್ತಕ ತಿರುಗಿಸಿ ನೋಡಿರಲಿಲ್ಲ. ಬಸಪ್ಪ ಹೇಳಿದ್ದು ಅಕ್ಷರಕ್ಷರ ನಿಜ ಎಂದು ಆಗ ನನ್ನ ತಲೆಗೆ ಹೊಕ್ಕಿತು.

ಸಮ, ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ರಾತ್ರಿ ಮಲಗಿದ ಮೇಲೆ ಬೇರೆ ಬುದ್ಧಿ ಓಡಿತು. ಬರೀ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ. ಒಂದು ಹುಳ ಹಿಡಿದು ಇಡುತ್ತೇನೆ, ಅದು ಪತಂಗವಾಗಿ ಹೊರಗೆ ಬರಲಿ, ಎಲ್ಲರ ಎದುರು ಬಾಟಲಿ ಇಟ್ಟರೆ ಸಾಕು, ನಾನು ಮಾತಾಡುವ ಅಗತ್ಯವೇ ಇಲ್ಲ. ಹದಿನೈದು ದಿನ ಎಂದಿದ್ದ ಬಸಪ್ಪ, ಟಿಕೆಟಿಗೆ ಇಪ್ಪತ್ತು ದಿನ ಉಂಟು. ಲೆಕ್ಕ ಚೆನ್ನಾಗಿಯೇ ಕೂತಿತು. ನಿಜ ಹೇಳುತ್ತೇನೆ, ಅದು ಸಾಕ್ಷಿಯ ಆಸೆ ಅಲ್ಲ, ಬರೀ ಹೆದರಿಕೆ. ತಪ್ಪು ನನ್ನದು ಎಂದರೆ ಆ ಟಿಕೆಟಿನಲ್ಲಿ ನನ್ನ ಹೆಸರು ಬರಬಹುದು ಎಂಬ ಹೆದರಿಕೆ.

ಮರುದಿನ ಅಲ್ ಮುಂತಜಾದ ರಸ್ತೆ ಬದಿಯ ಕಣಗಿಲೆಯಲ್ಲಿ ಒಂದು ಕೊಬ್ಬಿದ ಹುಳ ಸಿಕ್ಕಿತು. ಕಾಫಿಪುಡಿಯ ಬಾಟಲಿಯಲ್ಲಿ ಮಣ್ಣು, ಒಣ ಎಲೆ ಹಾಕಿ ಅದನ್ನು ಇಟ್ಟು, ನನ್ನ ಮಂಚದ ಪಕ್ಕದ ಶೆಲ್ಫಿನಲ್ಲಿ ಸ್ಥಾಪನೆ ಮಾಡಿದೆ. ಹುಳ ಕಂದು ಬಣ್ಣಕ್ಕೆ ತಿರುಗಿ, ಎಲೆಯ ಕೆಳಗೆ ಸೇರಿ, ನಾಲ್ಕನೇ ದಿನಕ್ಕೆ ಗಟ್ಟಿ ಕೋಶವಾಯಿತು. ನನ್ನ ರೂಮ್‌ಮೇಟ್ ರಿಚರ್ಡ್, ಬಜ್ಪೆಯವನು, ಒಂದು ಆಫೀಸಿನಲ್ಲಿ ಕ್ಲಾರ್ಕ್. ಮೊದಲು ನಕ್ಕ. ಆಮೇಲೆ ಕತೆ ಪೂರ್ತಿ ಕೇಳಿ ನಗುವುದು ನಿಲ್ಲಿಸಿದ.

"ಅಲ್ಲ ಶೆಟ್ರೆ, ಅದು ಹೊರಗೆ ಬರದಿದ್ರೆ?"

"ಬರ್ತದೆ ಮಾರಾಯ."

"ಬಂದ್ರೂ ಅದಕ್ಕೆ ಮಾತು ಬರುದಿಲ್ಲ. ನಿಮಗೆ ಬರ್ತದಲ್ಲ."

ನಾನು ಮಗ್ಗುಲು ಬದಲಿಸಿ ಮಲಗಿದೆ. ದಿನ ಹೋದ ಹಾಗೆ ಬಸಪ್ಪನನ್ನು ಕಾಣುವುದೇ ಕಷ್ಟವಾಯಿತು. ಅವನು ಎಂದಿನ ಹಾಗೆ ಬೆಳಗ್ಗೆ ಬಸ್ಸಿನಲ್ಲಿ ಬರುತ್ತಿದ್ದ, ಬೇರೆ ಸೈಟಿನಲ್ಲಿ ಹುಲ್ಲು ಕತ್ತರಿಸುತ್ತಿದ್ದ. ನನ್ನ ಮೇಲೆ ಕೋಪ ತೋರಿಸಲಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲ, ಪರೀಕ್ಷೆ ನಡೆಯುತ್ತಿದೆ ಎಂದ. ನಾನು ಅವನ ಎದುರು ನಿಂತು ಹವಾಮಾನದ ಬಗ್ಗೆ ಮಾತಾಡಿದೆ.

ಹದಿನೈದನೇ ದಿನ ಕೋಶ ಅಲುಗಲಿಲ್ಲ. ಹದಿನಾರನೇ ದಿನವೂ ಇಲ್ಲ. ಹದಿನೇಳನೇ ದಿನ ಕೈಗೆತ್ತಿಕೊಂಡೆ, ಒಣಗಿದ ಕಡಲೆಕಾಯಿ ಸಿಪ್ಪೆಯಷ್ಟು ಹಗುರ. ಒತ್ತಿದರೆ ಪುಡಿಯಾಯಿತು, ಒಳಗೆ ಏನೂ ಇಲ್ಲ. ಶೆಲ್ಫಿನ ನೇರ ಮೇಲೆ ಎಸಿ, ಹಗಲು ರಾತ್ರಿ ಒಣ ಗಾಳಿ ಅದರ ಮೇಲೇ ಬೀಳುತ್ತಿತ್ತು. ನಾಲ್ಕು ಹನಿ ನೀರು ಚಿಮುಕಿಸಿದೆ ಎಂದು ಬಸಪ್ಪ ಹೇಳಿದ್ದ. ಗಿಡ ಬೆಳೆಸುವ ಸೂಪರ್‌ವೈಸರ್ ನೀರು ಹಾಕಲು ಮರೆತಿದ್ದೆ. ಅವನು ಹೇಳಿದ್ದನ್ನು ಎರಡನೇ ಸಲವೂ ನಾನು ಕೇಳಿರಲಿಲ್ಲ.

ಹದಿನೆಂಟನೇ ದಿನ ಬೆಳಗ್ಗೆ ಹಾನಿಯ ಮೇಜಿನ ಮೇಲೆ ರಿಜಿಸ್ಟರ್ ಇಟ್ಟು ಎಲ್ಲ ಹೇಳಿದೆ. ಹುಳದ ಕತೆ, ಬಸಪ್ಪ ಬೇಡ ಎಂದದ್ದು, ನಾನು ನಕ್ಕದ್ದು. ಅವರು ಹಮ್ಮಿಂಗ್‌ಬರ್ಡ್ ರಿಪೋರ್ಟ್ ನೆನಪಾಗಿ ಕೆಂಪಾದರು, ಆಮೇಲೆ ಬಿಳಿಯಾದರು. "ನನ್ನ ಕೈಯಲ್ಲಿಲ್ಲ ಶೆಟ್ಟಿ. ಮನೆಯವರು ಹೇಳಬೇಕು," ಎಂದರು. ಆದರೂ ಕಾರಿನ ಕೀ ತೆಗೆದುಕೊಂಡರು. ಅದಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಯಜಮಾನ ಮನೆಯಲ್ಲಿದ್ದ. ಮಾಮಾ ಕಬೀರರನ್ನು ಒಳಕೋಣೆಯಿಂದ ಜಗಲಿಗೆ ತಂದರು. ಒಂದು ತಿಂಗಳಲ್ಲಿ ಅವರು ಬಹಳ ಇಳಿದಿದ್ದರು. ದಾರಿಯಲ್ಲಿ ಅಭ್ಯಾಸ ಮಾಡಿದ್ದ ದೊಡ್ಡ ಭಾಷಣ ಪೂರ್ತಿ ಮರೆತುಹೋಯಿತು. "ಮಾಮಾ, ಬಸಪ್ಪ ಮಾಫಿ ಗಲ್ತಾನ್. ಆನಾ ಗಲ್ತಾನ್," ಎಂದೆ. ಬಸಪ್ಪನದು ತಪ್ಪಿಲ್ಲ, ತಪ್ಪು ನನ್ನದು. ಉಳಿದದ್ದನ್ನು ಹಾನಿ ಅರಬಿಯಲ್ಲಿ ಹೇಳಿದರು. ನಾನು ರಿಜಿಸ್ಟರಿನ ಹಿಂದಿನ ಪುಟ ತೋರಿಸಿದೆ, ಕೋಶದ ಪುಡಿ ತೋರಿಸಿದೆ.

ಅವರು ಆ ಪುಡಿಯನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದ್ದು ಒಂದೇ, ಹುಳ ಕೊಲ್ಲಲು ನಿಮಗೆ ಹೇಳಿದವರು ಯಾರು. ನಾನು ಯಜಮಾನನನ್ನು ನೋಡಿದೆ. ಯಜಮಾನ ಫೋನು ನೋಡಿದ. ತಾಯಿ ಮಗನನ್ನು ನೋಡಿದರು. ಅರಬಿಯಲ್ಲಿ ಐದಾರು ಮಾತು ಹೇಳಿದರು, ಆ ಎತ್ತರದ ಗಂಡಸು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದ. ಕಾರಿನಲ್ಲಿ ಹಾನಿ ನನಗೆ ಅದರ ಅರ್ಥ ಹೇಳಿದರು: ಬೇಲಿ ಪೂರ್ತಿ ಬೋಳಾದರೂ ಚಿಂತೆಯಿಲ್ಲ, ತಿನ್ನುವವರು ತಿನ್ನಲಿ, ಹೋಗುವ ಮನುಷ್ಯನನ್ನು ನಿಲ್ಲಿಸು. ಯಜಮಾನ ಆ ಸಂಜೆಯೇ ಫೋನ್ ಮಾಡಿದ. ಕ್ಯಾನ್ಸಲ್ ಕ್ಯಾನ್ಸಲ್ ಆಯಿತು. ನನಗೆ ಒಂದು ವಾರ್ನಿಂಗ್ ಲೆಟರ್ ಸಿಕ್ಕಿತು, ಈಗಲೂ ನನ್ನ ಕಪಾಟಿನಲ್ಲಿ ಉಂಟು.

ಹಕ್ಕಿಯಂಥ ಆ ಪತಂಗ ಮತ್ತೆ ಬಂದದ್ದು ಮುಂದಿನ ಏಪ್ರಿಲಿನಲ್ಲಿ, ಬೇಲಿ ಅರ್ಧ ಬೋಳಾದ ಮೇಲೆ. ಮಾಮಾ ಕಬೀರ್ ಆಮೇಲೆಯೂ ಅದನ್ನು ಆಸ್ಫೂರ್ ಎಂದೇ ಕರೆದರು. ಮೊಮ್ಮಕ್ಕಳು ಹುಳಗಳನ್ನು ಬಾಟಲಿಯಲ್ಲಿ ಸಾಕಿದರು, ಬಸಪ್ಪ ಅವರಿಗೆ ನೀರು ಚಿಮುಕಿಸುವುದು ಕಲಿಸಿದ. ಅವನು ಹೇಳಿದ ಹಾಗೆಯೇ ಮಗಳ ನರ್ಸಿಂಗ್ ಮುಗಿದ ತಿಂಗಳು ಊರಿಗೆ ಹೋದ. ಇದನ್ನೆಲ್ಲ ಈಗಲೇ ಹೇಳಿಬಿಟ್ಟೆ, ಯಾಕೆಂದರೆ ಈ ಕೆಲಸಕ್ಕೆ ಹೋಗುವವರು ಕೇಳಬೇಕಾದದ್ದು ಬೇರೆ.

ಯಜಮಾನನ ಫೋನು ಬಂದ ಆ ಸಂಜೆ ನಾನು ಸನಾಯಾದಲ್ಲಿದ್ದ ಕೆಲಸಗಾರರ ಕ್ಯಾಂಪಿಗೆ ಹೋದೆ. ಬಸಪ್ಪ ಮಂಚದ ಮೇಲೆ ಕೂತು ಊರಿಗೆ ಒಯ್ಯುವ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಟಿಕೆಟ್ ಇಲ್ಲ, ನೀನು ಹೋಗುವುದು ಬೇಡ ಎಂದೆ. ಹೇಗೆ ಎಂದು ಕೇಳಿದ. ಎಲ್ಲ ಹೇಳಿದೆ, ಮೊದಲ ದಿನವೇ ನನಗೆ ಗೊತ್ತಾಗಿತ್ತು ಎಂಬುದನ್ನೂ, ಹುಳ ಹೊರಗೆ ಬರಲಿ ಎಂದು ಬಾಯಿ ಮುಚ್ಚಿ ಕಾದದ್ದನ್ನೂ. ಅವನು ನನ್ನ ಮುಖ ನೋಡದೆ ಹಗ್ಗದ ಗಂಟು ಬಿಚ್ಚಲು ಶುರು ಮಾಡಿದ. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಿ ಬಿಚ್ಚಿದ.

"ಹುಳಾ ಸೈತ ಹದಿನೈದ ದಿನದಾಗ ಹೊರಗ ಬರತೈತ್ರಿ ಸರ," ಎಂದ. "ನೀವು ಹದಿನೆಂಟ ದಿನ ತಗೊಂಡ್ರಿ."

ನಾನು ಹೌದು ಎಂದೆ.